ಶೇ. 54 ರಿಯಾಯಿತಿಯನ್ನು ಯಾವ ಖಾತೆಗೆ ಬರೆಯುವುದು?



ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಒಂದು ಮಾತನ್ನು ಬಾಯಿಪಾಠ ಮಾಡಿದ್ದೇವೆ: ವ್ಯಾಪಾರ ಸೋಡಿಯನ್ನು ಪುಸ್ತಕದಲ್ಲಿ ದಾಖಲಿಸುವುದಿಲ್ಲ. 10,000 ರೂ. ಪಟ್ಟಿ ಬೆಲೆಯ ಮಾಲನ್ನು ಶೇ. 10 ಸೋಡಿಯಲ್ಲಿ ಕೊಂಡರೆ ಖರೀದಿ ಖಾತೆಗೆ 9,000 ಬರೆಯಬೇಕು, ಉಳಿದ 1,000 ಎಲ್ಲಿಯೂ ಬರುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದ ನಾನು, ಅದರ ಅರ್ಥ ತಿಳಿದದ್ದು ಮಾತ್ರ ಈ ವರ್ಷ, ಒಂದು ಟ್ಯಾಬ್ಲೆಟ್ ಕೊಳ್ಳಲು ಹೊರಟಾಗ.

ನಮ್ಮದು ಹುಲಿಗಿ. ಗುಡಿಗೆ ಹೋಗುವ ದಾರಿಯಲ್ಲಿ ಅಬ್ಬಾ ಬಳೆ ಅಂಗಡಿ ಇಟ್ಟಿದ್ದಾರೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಜನ ಬರುತ್ತಾರೆ, ಬಂದವರು ಹಸಿರು ಬಳೆ ಇಡಿಸಿಕೊಂಡು ಹೋಗುತ್ತಾರೆ. ರಜೆಯಲ್ಲಿ ನಾನೂ ಕುಳಿತುಕೊಳ್ಳುತ್ತೇನೆ. ಹೀಗೆ ಕುಳಿತದ್ದಕ್ಕೆ ಅಬ್ಬಾ ಕೊಟ್ಟದ್ದು, ವಿದ್ಯಾರ್ಥಿವೇತನ, ಎರಡು ವರ್ಷದ ಈದಿ ಎಲ್ಲ ಸೇರಿ ನನ್ನ ಖಾತೆಯಲ್ಲಿ 16,000 ರೂ. ಆಗಿತ್ತು. ಟ್ಯಾಲಿ ಕಲಿಯಲು, ಟಿಪ್ಪಣಿ ಬರೆಯಲು ನನ್ನದೇ ಒಂದು ಯಂತ್ರ ಬೇಕು ಎಂಬುದು ಆಸೆ.

ಆಗ ಮೊಬೈಲ್‌ನಲ್ಲಿ ಕಂಡದ್ದು ಈ ಜಾಹೀರಾತು: ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್ ಎರಡೂ ಒಂದರಲ್ಲೇ, 10.5 ಇಂಚಿನ ಪರದೆ, ವಿಂಡೋಸ್ 11. ಎಂಆರ್‌ಪಿ 49,990, ಇಂದಿನ ಬೆಲೆ 22,990. ಕೆಂಪು ಅಕ್ಷರದಲ್ಲಿ ಶೇ. 54 ರಿಯಾಯಿತಿ. ಕೆಳಗೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು, ಇನ್ನು ಐದು ಗಂಟೆ ಮಾತ್ರ. ನಾನು ಓಡಿ ಹೋಗಿ ಅಬ್ಬಾಗೆ ಹೇಳಿದ್ದು, "27,000 ಉಳೀತದ!"

ಅಬ್ಬಾ ಕೇಳಿದರು, "ಉಳಿದದ್ದು ಎಲ್ಲಿ ಇಡ್ತೀ?"

ಉತ್ತರ ಇರಲಿಲ್ಲ. ಆ ರಾತ್ರಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಲು ಕುಳಿತೆ. ಆ ಲೆಕ್ಕವನ್ನೇ ಇಲ್ಲಿ ನಿಮ್ಮೆದುರು ಇಡುತ್ತಿದ್ದೇನೆ. ವಿಜ್ಞಾನ ವಿಭಾಗದವರೂ ಓದಬಹುದು, ಕಷ್ಟವಿಲ್ಲ.

ಮೊದಲು ಎಂಆರ್‌ಪಿ. ಇದು ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ. ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬುದಷ್ಟೇ ಇದರ ಅರ್ಥ. ಇದನ್ನು ಮುದ್ರಿಸುವವನು ತಯಾರಕ ಅಥವಾ ಆಮದುದಾರ. ಎಷ್ಟು ಮುದ್ರಿಸಬೇಕು ಎಂಬುದನ್ನೂ ಸಾಮಾನ್ಯವಾಗಿ ಅವನೇ ತೀರ್ಮಾನಿಸುತ್ತಾನೆ. ಹಾಗಾಗಿ 49,990 ಎಂಬುದು ಯಾರೋ ನಿಜವಾಗಿ ಕೊಟ್ಟ ಬೆಲೆ ಎಂದು ತಿಳಿಯಬಾರದು. ಅದೇ ಮಾದರಿಗೆ ಹೊಸಪೇಟೆಯ ಎರಡು ಅಂಗಡಿಗಳಲ್ಲಿ ಬೆಲೆ ಕೇಳಿದೆ: 24,500 ಮತ್ತು 25,000. ಅಂದರೆ ಪೇಟೆಯ ಬೆಲೆಗೆ ಹೋಲಿಸಿದರೆ ನಿಜವಾದ ರಿಯಾಯಿತಿ 1,500ರಿಂದ 2,000 ರೂ., ಶೇ. 54 ಹೋಗಿ ಶೇ. 6-8ಕ್ಕೆ ಬಂದು ನಿಂತಿತು. ಬಳೆ ಅಂಗಡಿಯಲ್ಲಿ ಡಜನ್‌ಗೆ 80 ಹೇಳಿ 50ಕ್ಕೆ ಕೊಡುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು, ಆದರೂ ಮೋಸಹೋಗಲಿದ್ದೆ.

ಗಡಿಯಾರದ ವಿಷಯವನ್ನೂ ಹೇಳಬೇಕು. ಐದು ಗಂಟೆ ಮುಗಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಬೆಲೆ, ಮತ್ತೆ ಐದು ಗಂಟೆ. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಗ್ರಾಹಕ ಸಂರಕ್ಷಣೆ ಪಾಠಕ್ಕೆ ಇದನ್ನು ಜೋಡಿಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ, ಆನ್‌ಲೈನ್ ಮಾರಾಟದ 13 ಬಗೆಯ ಮರುಳುತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಅವುಗಳಲ್ಲಿ ಒಂದು 'ಸುಳ್ಳು ತುರ್ತು': ಇಲ್ಲದ ಅವಸರವನ್ನು ಇದೆ ಎಂದು ತೋರಿಸಿ ಕೊಳ್ಳುವಂತೆ ಮಾಡುವುದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಎರಡನೆಯದು ಆಸ್ತಿಯ ವೆಚ್ಚ. ಯಂತ್ರದ ವೆಚ್ಚ ಎಂದರೆ ಬಿಲ್ಲಿನ ಮೊತ್ತ ಮಾತ್ರ ಅಲ್ಲ, ಅದನ್ನು ಬಳಕೆಗೆ ಸಿದ್ಧಗೊಳಿಸುವವರೆಗೆ ಆಗುವ ಸಾಗಾಣಿಕೆ, ಜೋಡಣೆ ಎಲ್ಲವೂ ಬಂಡವಾಳ ವೆಚ್ಚ ಎಂದು ಓದಿದ್ದೇವೆ. ಜಾಹೀರಾತಿನ ಚಿತ್ರದಲ್ಲಿ ಕೀಬೋರ್ಡ್ ಇತ್ತು. ವಿವರವನ್ನು ಕೊನೆಯವರೆಗೆ ಎಳೆದು ಓದಿದರೆ ಸಣ್ಣಕ್ಷರದಲ್ಲಿ, ಕೀಬೋರ್ಡ್ ಪ್ರತ್ಯೇಕ. ಕೀಬೋರ್ಡ್ ಇಲ್ಲದಿದ್ದರೆ ಎರಡರಲ್ಲಿ ಒಂದು ಇಲ್ಲವೇ ಇಲ್ಲ! ಅದರ ಬೆಲೆ 4,499. ಯಂತ್ರಕ್ಕೆ ಇರುವುದು ಒಂದೇ ಟೈಪ್-ಸಿ ಕಿಂಡಿ, ಚಾರ್ಜ್ ಮಾಡುವಾಗ ಪೆನ್‌ಡ್ರೈವ್ ಹಾಕಬೇಕೆಂದರೆ ಹಬ್ ಬೇಕು, 799. ಒಟ್ಟು:

22,990 + 4,499 + 799 = 28,288 ರೂ.

ನನ್ನ ಬಳಿ ಇದ್ದದ್ದು 16,000. ಉಳಿದ 12,288?

ಪುಟದಲ್ಲಿ ಅದಕ್ಕೂ ದಾರಿ ಇತ್ತು, 'ವೆಚ್ಚರಹಿತ ಇಎಂಐ'. ಮಾಮುವಿನ ಕ್ರೆಡಿಟ್ ಕಾರ್ಡ್ ಕೇಳಿದರಾಯಿತು ಅಂದುಕೊಂಡೆ. ಅಮ್ಮಿ ಅಡುಗೆಮನೆಯಿಂದಲೇ "ಸೂದ್ ಇದೆಯೋ ಇಲ್ಲವೋ ಮೊದಲು ನೋಡು" ಅಂದರು. ಇಲ್ಲ, ಬಡ್ಡಿ ಸೊನ್ನೆ ಎಂದು ಬರೆದಿದ್ದಾರೆ ಎಂದೆ. ನಿಯಮಗಳನ್ನು ಓದಿದಾಗ ಬೇರೆ ತಿಳಿಯಿತು. ಬ್ಯಾಂಕು ಬಡ್ಡಿ ಬಿಡುವುದಿಲ್ಲ, ವರ್ಷಕ್ಕೆ ಶೇ. 15 ಹಾಕುತ್ತದೆ, ಆ ಬಡ್ಡಿಯಷ್ಟು ಮೊತ್ತವನ್ನು ಮಾರಾಟಗಾರ ಮೊದಲೇ ಬೆಲೆಯಲ್ಲಿ ಇಳಿಸುತ್ತಾನೆ. 22,990ನ್ನು 6 ಕಂತು ಮಾಡಿದರೆ ತಿಂಗಳಿಗೆ ಸುಮಾರು 3,832. ಶೇ. 15ರ ದರದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ಬ್ಯಾಂಕು ಕೊಟ್ಟ ಸಾಲ ಸುಮಾರು 22,017, ಬಡ್ಡಿ ಸುಮಾರು 973. ಈ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ, 175 ರೂ., ಅದು ನಮ್ಮ ಕಡೆಯಿಂದ. ಜೊತೆಗೆ ಸಂಸ್ಕರಣಾ ಶುಲ್ಕ 199, ಅದಕ್ಕೂ ಜಿಎಸ್‌ಟಿ ಸೇರಿ 235. ವೆಚ್ಚರಹಿತ ಎಂಬುದಕ್ಕೆ 410 ರೂ. ವೆಚ್ಚ. ಮೊತ್ತ ದೊಡ್ಡದಲ್ಲ, ಆದರೆ ಹೆಸರು ಸುಳ್ಳು. ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಎಂಬ ಯೋಜನೆಗಳಲ್ಲಿ ಬಡ್ಡಿಯನ್ನು ಶುಲ್ಕದೊಳಗೆ ಅಡಗಿಸುವುದನ್ನು ಆಕ್ಷೇಪಿಸಿತ್ತು. ಅಮ್ಮಿ ಆ ಸುತ್ತೋಲೆ ಓದಿಲ್ಲ, ಆದರೂ ಸರಿಯಾದ ಪ್ರಶ್ನೆ ಕೇಳಿದ್ದರು.

ಕಾರ್ಡ್ ಬೇಡವೆಂದರೆ ಅಬ್ಬಾ ಕೊಡಬೇಕು. ಅವರ ಹತ್ತಿರ ಹಣ ಇತ್ತು, ಆದರೆ ಅದು ಜಾತ್ರೆಗೆ ಮಾಲು ತುಂಬಿಸುವ ಹಣ. ಫಿರೋಜಾಬಾದಿನ ಗಾಜಿನ ಬಳೆ 12,000ಕ್ಕೆ ತಂದರೆ ಜಾತ್ರೆಯಲ್ಲಿ 15,000 ಆಗುತ್ತದೆ ಎಂದು ಅವರ ಅಂದಾಜು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚಕ್ಕೆ ಗೋಧಿ-ಬಟ್ಟೆಯ ಉದಾಹರಣೆ ಬರೆಯುತ್ತೇವಲ್ಲ, ನಮ್ಮ ಮನೆಯಲ್ಲಿ ಅದು 3,000 ರೂ. ಅದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಅಬ್ಬಾ "ಬೇಡ" ಎನ್ನಲಿಲ್ಲ. "ನಿನ್ನ ಓದಿಗೆ ಬೇಕಂದ್ರ ತಗೋ" ಎಂದರು. ಅದಕ್ಕೇ ಕಷ್ಟವಾಯಿತು.

ಇನ್ನು ಸವಕಳಿ. ಕಾರಣಗಳನ್ನು ಕೇಳಿದರೆ ನಾವು ಪಟಪಟನೆ ಬರೆಯುತ್ತೇವೆ: ಬಳಕೆಯಿಂದ ಸವೆತ, ಕಾಲ ಕಳೆಯುವುದು, ಬಳಕೆಯಿಂದ ಹೊರಗಾಗುವುದು. ಕಂಪ್ಯೂಟರ್‌ಗೆ ಮೂರನೆಯದೇ ಮುಖ್ಯ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ತನ್ನ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅದೇ ಕಂಪನಿ 2018ರಲ್ಲಿ ಬಿಡುಗಡೆ ಮಾಡಿದ ಮೊದಲ ಸರ್ಫೇಸ್ ಗೋ ಎಂಬ ಟು-ಇನ್-ಒನ್, ವಿಂಡೋಸ್ 11ರ ಅರ್ಹ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ. ಯಂತ್ರ ಒಂದಿಷ್ಟೂ ಸವೆದಿರಬೇಕಿಲ್ಲ, ಆಯುಷ್ಯ ಮುಗಿಯಿತು.

ಇನ್ನೂ ಹಿಂದಿನ ಒಂದು ಪ್ರಕರಣ ನಮ್ಮ ಪಾಠಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. 2012ರ ಅಕ್ಟೋಬರ್‌ನಲ್ಲಿ ಬಂದ ಸರ್ಫೇಸ್ ಆರ್‌ಟಿ, ಕೀಬೋರ್ಡ್ ಜೋಡಿಸಬಹುದಾದ ಟ್ಯಾಬ್ಲೆಟ್. ನೋಡಲು ವಿಂಡೋಸ್, ಆದರೆ ಅದರಲ್ಲಿ ಮಾಮೂಲಿ ಡೆಸ್ಕ್‌ಟಾಪ್ ತಂತ್ರಾಂಶ ಹಾಕಲು ಬರುತ್ತಿರಲಿಲ್ಲ. ಜನ ಕೊಳ್ಳಲಿಲ್ಲ. 2013ರ ಜುಲೈಯಲ್ಲಿ 499 ಡಾಲರ್‌ನ ಯಂತ್ರವನ್ನು 349ಕ್ಕೆ ಇಳಿಸಿದರು, ದಾಸ್ತಾನಿನ ಮೌಲ್ಯ ಇಳಿಸಿ 90 ಕೋಟಿ ಡಾಲರ್ ನಷ್ಟ ಬರೆದರು. ಮುಕ್ತಾಯ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಯಾವುದು ಕಡಿಮೆಯೋ ಅದಕ್ಕೆ ತೋರಿಸಬೇಕು ಎಂಬ ನಿಯಮದ ಜೀವಂತ ಉದಾಹರಣೆ ಇದು. ದೊಡ್ಡ ರಿಯಾಯಿತಿ ಕಂಡಾಗ "ಇದು ಯಾಕೆ ಮಾರಾಟವಾಗಲಿಲ್ಲ?" ಎಂದು ಕೇಳುವುದನ್ನು ನಾನು ಇಲ್ಲಿಂದ ಕಲಿತೆ.

ನಮ್ಮ ಟ್ಯಾಬ್ಲೆಟ್ ಯಾಕೆ? ವಿವರದಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ವಿಂಡೋಸ್ 11ಕ್ಕೆ ಕಂಪನಿಯೇ ಹೇಳಿದ ಕನಿಷ್ಠ ಅರ್ಹತೆ ಇಷ್ಟೇ. ಅಂದರೆ ಪಾಸಾಗಲು ಬೇಕಾದಷ್ಟೇ ಅಂಕ ತೆಗೆದ ಹುಡುಗ. 64 ಎಂದು ಬರೆದದ್ದು ವಿಂಡೋಸ್ ಒಳಗೆ 59ರ ಆಸುಪಾಸು ಕಾಣುತ್ತದೆ, ಅದರಲ್ಲಿ ದೊಡ್ಡ ಪಾಲು ವಿಂಡೋಸ್‌ಗೇ ಹೋಗುತ್ತದೆ, ಪ್ರತಿ ದೊಡ್ಡ ಅಪ್‌ಡೇಟ್‌ಗೂ ಜಾಗ ಖಾಲಿ ಇರಬೇಕು. ಇಂಥ ತೆಳು ಯಂತ್ರಗಳಲ್ಲಿ ರ‍್ಯಾಮ್, ಇಎಂಎಂಸಿ ಎರಡನ್ನೂ ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಇದಲ್ಲದೆ ಅದು 'ಎಸ್ ಮೋಡ್'ನಲ್ಲಿ ಬರುತ್ತಿತ್ತು. ಆ ಸ್ಥಿತಿಯಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳನ್ನು ಮಾತ್ರ ಹಾಕಬಹುದು. ಹೊರಗಿನಿಂದ ಇಳಿಸಿಕೊಂಡ ಟ್ಯಾಲಿ, ನುಡಿ ಕೂರುವುದಿಲ್ಲ. ಎಸ್ ಮೋಡ್‌ನಿಂದ ಹೊರಬರಲು ದುಡ್ಡು ಕೊಡಬೇಕಿಲ್ಲ, ಆದರೆ ಒಮ್ಮೆ ಬಂದರೆ ಹಿಂದೆ ಹೋಗಲಾಗದು. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಕೀಬೋರ್ಡ್ ಜೋಡಿಸಿ ಟು-ಇನ್-ಒನ್ ಎಂದು ಮಾರುವುದೂ ಇದೆ, ವಾಣಿಜ್ಯ ವಿದ್ಯಾರ್ಥಿಗಳು ಅಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾಡಿದ್ದು.

ಟ್ಯಾಬ್ಲೆಟ್‌ನ ಪರವಾಗಿಯೂ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ಸರಿದೂಗುವುದಿಲ್ಲ. ತೂಕ ಅರ್ಧ ಕಿಲೋ ಆಸುಪಾಸು, ಬಸ್ಸಿನಲ್ಲಿ ನಿಂತುಕೊಂಡೇ ಎನ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್ ಓದಬಹುದು. ಪೆನ್ನಿನಿಂದ ಟಿ-ಆಕಾರದ ಖಾತೆ ಎಳೆಯಬಹುದು. ಹೊಸಪೇಟೆಯ ಅಂಗಡಿಯಲ್ಲಿ ಎಳೆದು ನೋಡಿದೆ, ಬಿಡಲು ಮನಸ್ಸಾಗಲಿಲ್ಲ. ಆದರೆ ಹಿಂದಿನ ಕಾಲು ಬಿಚ್ಚಿ ತೊಡೆಯ ಮೇಲಿಟ್ಟರೆ ಅದು ನಿಲ್ಲಲಿಲ್ಲ, ಮೇಜೇ ಬೇಕು. ನಮ್ಮ ಮನೆಯಲ್ಲಿ ಮೇಜು ಇಲ್ಲ.

ಅದೇ ಅಂಗಡಿಯಲ್ಲಿ ಒಂದು ನವೀಕರಿಸಿದ ಹಳೆಯ ಆಫೀಸ್ ಲ್ಯಾಪ್‌ಟಾಪ್ ಇತ್ತು: 8ನೇ ಪೀಳಿಗೆಯ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. 18,500 ರೂ., ಆರು ತಿಂಗಳ ವಾರಂಟಿ, ಬಿಲ್ಲು ಕೊಡುತ್ತಾರೆ. ಬ್ಯಾಟರಿ ದಣಿದಿದೆ, ಹೊಸದಕ್ಕೆ 2,500. ಒಟ್ಟು 21,000. ಎರಡನ್ನೂ ಸ್ಥಿರ ಕಂತು ಪದ್ಧತಿಯಲ್ಲಿ ಇಟ್ಟೆ. ಆಯುಷ್ಯ 3 ವರ್ಷ ಹಿಡಿದೆ, 2013ರ ಕಂಪನಿ ಕಾಯಿದೆಯ ಎರಡನೇ ಅನುಸೂಚಿಯಲ್ಲಿ ಲ್ಯಾಪ್‌ಟಾಪ್‌ಗೆ ಹೇಳಿರುವುದು ಅಷ್ಟೇ. ಗುಜರಿ ಮೌಲ್ಯ ನನ್ನ ಅಂದಾಜು.

ಟ್ಯಾಬ್ಲೆಟ್: (28,288 − 4,000) ÷ 3 = ವರ್ಷಕ್ಕೆ 8,096 ರೂ.
ಹಳೆಯ ಲ್ಯಾಪ್‌ಟಾಪ್: (21,000 − 3,000) ÷ 3 = ವರ್ಷಕ್ಕೆ 6,000 ರೂ.

ಜಾಗ ತುಂಬಿ ಟ್ಯಾಬ್ಲೆಟ್ ಎರಡೇ ವರ್ಷಕ್ಕೆ ನಿಂತರೆ ಅದರ ಸವಕಳಿ ವರ್ಷಕ್ಕೆ 12,144 ಆಗುತ್ತದೆ. ಹಳೆಯ ಲ್ಯಾಪ್‌ಟಾಪ್ ಎರಡೇ ವರ್ಷ ಬಂದರೂ 9,000. ಅಬ್ಬಾ ಕೊಡಬೇಕಾದದ್ದು 12,288ರ ಬದಲು 5,000, ಕಳೆದುಕೊಳ್ಳುವ ಲಾಭ 3,000ದ ಬದಲು 1,250.

ಪುಟವನ್ನು ಅಬ್ಬಾಗೆ ತೋರಿಸಿದೆ. ಕನ್ನಡ ಓದಲು ಅವರಿಗೆ ಸ್ವಲ್ಪ ತಡವಾಗುತ್ತದೆ, ಅಂಕಿಗಳನ್ನು ಬೇಗ ಓದುತ್ತಾರೆ. ಎಲ್ಲ ನೋಡಿ ಒಂದೇ ಮಾತು ಕೇಳಿದರು, "ಕೆಟ್ಟರೆ ಯಾರು ರಿಪೇರಿ ಮಾಡ್ತಾರ?" ಟ್ಯಾಬ್ಲೆಟ್‌ಗೆ ಹತ್ತಿರದ ಸರ್ವಿಸ್ ಕೇಂದ್ರ ಹುಬ್ಬಳ್ಳಿ. ಲ್ಯಾಪ್‌ಟಾಪ್‌ಗೆ ಹೊಳೆ ದಾಟಿದರೆ ಹೊಸಪೇಟೆ. ಈ ಸಾಲು ನನ್ನ ಲೆಕ್ಕದಲ್ಲಿ ಇರಲಿಲ್ಲ, ಸೇರಿಸಿದೆ.

ಜಾತ್ರೆ ಮುಗಿಯುವವರೆಗೆ ಕಾದೆವು, ಮಾಲಿನ ಹಣಕ್ಕೆ ಕೈ ಹಚ್ಚಲಿಲ್ಲ. ಅಲ್ಲಿಯವರೆಗೆ ಟ್ಯಾಲಿಯನ್ನು ಕಾಲೇಜಿನ ಲ್ಯಾಬ್‌ನಲ್ಲಿ ಅಭ್ಯಾಸ ಮಾಡಿದೆ. ಈಗ ಲ್ಯಾಪ್‌ಟಾಪ್ ಮನೆಯಲ್ಲಿದೆ. ಟ್ಯಾಲಿಪ್ರೈಮ್‌ನ ಶೈಕ್ಷಣಿಕ ಆವೃತ್ತಿ ಉಚಿತ, ಆದರೆ ತಿಂಗಳ 1, 2 ಮತ್ತು ಕೊನೆಯ ದಿನಾಂಕಗಳಲ್ಲಿ ಮಾತ್ರ ವೋಚರ್ ಬರೆಯಲು ಬಿಡುತ್ತದೆ, ಆದ್ದರಿಂದ ನಮ್ಮ ಅಂಗಡಿಯ ಎಲ್ಲ ವ್ಯಾಪಾರ ಒಂದನೇ ತಾರೀಖಿಗೇ ನಡೆಯುತ್ತದೆ! ನಾನು ಅದರಲ್ಲಿ ಬರೆದ ಮೊದಲ ನಮೂದು: ಕಂಪ್ಯೂಟರ್ ಖಾತೆ ಡೆಬಿಟ್ 21,000, ನಗದು ಖಾತೆಗೆ 21,000. ತೂಕ ಜಾಸ್ತಿ, ಚೀಲ ಭುಜ ಎಳೆಯುತ್ತದೆ, ಪೆನ್ನಿನಿಂದ ಬರೆಯಲಾಗದು. ತಂಗಿ ಇನ್ನೂ "ಅದೇ ಚೆನ್ನಾಗಿತ್ತು" ಎನ್ನುತ್ತಾಳೆ.

ನಿಮಗೊಂದು ಲೆಕ್ಕ. ಉತ್ತರವನ್ನು ಬರೆದು ಸಂಪಾದಕ ಮಂಡಳಿಗೆ ಕೊಡಿ. ಒಂದು ಟು-ಇನ್-ಒನ್ ಟ್ಯಾಬ್ಲೆಟ್‌ನ ಎಂಆರ್‌ಪಿ 36,000 ರೂ., ರಿಯಾಯಿತಿ ಶೇ. 40. ಕೀಬೋರ್ಡ್ 3,600, ಕವರ್ 800 ಪ್ರತ್ಯೇಕ. ಆಯುಷ್ಯ 4 ವರ್ಷ, ಗುಜರಿ ಮೌಲ್ಯ 2,000. ಇನ್ನೊಂದು ಲ್ಯಾಪ್‌ಟಾಪ್‌ನ ಎಂಆರ್‌ಪಿ 32,000, ರಿಯಾಯಿತಿ ಶೇ. 5, ಆಯುಷ್ಯ 5 ವರ್ಷ, ಗುಜರಿ ಮೌಲ್ಯ 2,900. ಸ್ಥಿರ ಕಂತು ಪದ್ಧತಿಯಲ್ಲಿ ಎರಡರ ವಾರ್ಷಿಕ ಸವಕಳಿ ಎಷ್ಟು? ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಇರುವಂತೆ ಇಳಿಕೆ ಮೌಲ್ಯ ಪದ್ಧತಿಯಲ್ಲಿ ಶೇ. 40 ಹಾಕಿದರೆ ಎರಡನೇ ವರ್ಷದ ಸವಕಳಿ ಎಷ್ಟು?