ಹಳೆ ಗಾಡಿಯ ಹೀಟರ್ ಕೈಕೊಟ್ಟಾಗ

ತಮ್ಮಾ, ನಮ್ಮ ಕಡೆ ಹೀಟರ್ ಯಾಕೆ ಬೇಕು ಅನ್ನುವವರು ಜುಲೈನಲ್ಲಿ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟದ ಕಡೆಗೆ ಹೋಗಿರುವುದಿಲ್ಲ. ಮಲಪ್ರಭೆ ಹುಟ್ಟುವ ಆ ಖಾನಾಪುರ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಗಾಡಿಯೊಳಗೆ ನಾಲ್ಕು ಜನ ಕೂತರೆ ಉಸಿರಿಗೇ ಗಾಜು ಮಸುಕಾಗಿ ಎದುರಿನ ಲಾರಿ ಕಾಣುವುದಿಲ್ಲ. ಅಲ್ಲಿ ಹೀಟರ್ ಇರುವುದು ಕಣ್ಣಿಗಾಗಿ. ಅದಕ್ಕೇ ಮಿರ್ಗ (ಮೃಗಶಿರಾ ಮಳೆ) ಕೂಡುವ ಮೊದಲೇ ಇಷ್ಟನ್ನು ನೋಡಿಕೋ.

• ಹಳೆ ಗಾಡಿ ಕೊಳ್ಳುವಾಗ ಹೀಟರ್ ಜೋಡಿಸಿದೆಯೇ ನೋಡು. ಕೆಲವು ಮಾಡೆಲ್‌ಗಳಿಗೆ ಕಂಪನಿಯಿಂದಲೇ ಹೀಟರ್ ಇರುವುದಿಲ್ಲ. ಇದ್ದ ಗಾಡಿಯಲ್ಲೂ ಎಂದೋ ಸೋರಿತೆಂದು ಹೀಟರಿನ ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಬಿಟ್ಟಿರುತ್ತಾರೆ. ಆಗ ಲಿವರ್ ಎಷ್ಟು ತಿರುಗಿಸಿದರೂ ತಣ್ಣನೆ ಗಾಳಿಯೇ.

• ಗಾಡಿ ಹೊರಟ ಕೂಡಲೇ ಬಿಸಿ ಗಾಳಿ ಬರುವುದಿಲ್ಲ. ಹೀಟರಿಗೆ ಬೇರೆ ಒಲೆ ಇಲ್ಲ. ಎಂಜಿನ್ ಸುತ್ತಿ ಕಾದ ನೀರೇ ಡ್ಯಾಶ್‌ಬೋರ್ಡ್ ಹಿಂದಿನ ಚಿಕ್ಕ ರೇಡಿಯೇಟರಿಗೆ (ಹೀಟರ್ ಕೋರ್) ಬರುತ್ತದೆ, ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ಹೀಟರ್ ಕೆಟ್ಟಿತೆಂದರೆ ಎಷ್ಟೋ ಸಲ ಕೆಟ್ಟಿರುವುದು ಎಂಜಿನ್ನಿನ ನೀರಿನ ವ್ಯವಸ್ಥೆ. ನಾನು ಇದನ್ನು ಒತ್ತಿ ಹೇಳುವುದು ಅದಕ್ಕೇ. ಹೀಟರ್ ಬಿಟ್ಟು ಬದುಕಬಹುದು, ಎಂಜಿನ್ ಬಿಟ್ಟು ಆಗುವುದಿಲ್ಲ.

• ಕೂಲೆಂಟ್ ಮಟ್ಟ ನೋಡುವುದು ಮುಂಜಾನೆ, ಎಂಜಿನ್ ತಣ್ಣಗಿರುವಾಗ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬೇಡ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಇಳಿದಿದ್ದರೆ ಹೀಟರಿಗೆ ನೀರು ಮುಟ್ಟುವುದಿಲ್ಲ. ತುಂಬಿಸಿದ ಮೇಲೂ ಮತ್ತೆ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬೋರ್‌ವೆಲ್ ನೀರು ಸುರಿಯಬೇಡ. ಅದರ ಸುಣ್ಣ ಹೀಟರಿನ ಸಣ್ಣ ಕೊಳವೆಗಳಲ್ಲೇ ಕೂರುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕು. ರೆಡಿಮಿಕ್ಸ್ ತಂದಿದ್ದರೆ ನೀರು ಬೆರೆಸಬೇಡ.

• ಟೆಂಪರೇಚರ್ ಮುಳ್ಳು ಎಷ್ಟು ಓಡಿಸಿದರೂ ಮೇಲೇಳದಿದ್ದರೆ, ಅಥವಾ ಘಟ್ಟ ಇಳಿಯುವಾಗ ಪೂರ್ತಿ ಕೆಳಗೆ ಬಿದ್ದರೆ, ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ತೆರೆದ ಬಾಯಿಯಲ್ಲೇ ಸಿಕ್ಕಿಕೊಂಡಿದೆ ಎಂದು ಅನುಮಾನ ಪಡು. ಸಾಮಾನ್ಯವಾಗಿ ಅದು 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆಯಬೇಕು. ನಮ್ಮ ಕಡೆ ಎಂಜಿನ್ ಕಾಯುತ್ತದೆಂಬ ಹೆದರಿಕೆಗೆ ಅದನ್ನು ಕಿತ್ತೇ ಹಾಕುವ ರೂಢಿ ಇದೆ. ಒಪ್ಪಬೇಡ. ಸದಾ ತಣ್ಣಗೆ ಓಡುವ ಎಂಜಿನ್ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

• ಈಗ ಮುಖ್ಯವಾದ ಪರೀಕ್ಷೆ. ಎಂಜಿನ್ ಕಾದ ಮೇಲೆ ಲಿವರನ್ನು ಬಿಸಿಯ ಕಡೆಗೆ ಪೂರ್ತಿ ಸರಿಸಿ, ಬಾನೆಟ್ ಎತ್ತು. ಡ್ಯಾಶ್‌ಬೋರ್ಡ್ ಕಡೆಯ ತಗಡಿನೊಳಗೆ ಎರಡು ಸಣ್ಣ ರಬ್ಬರ್ ಪೈಪುಗಳು ಹೋಗುತ್ತವೆ. ಫ್ಯಾನಿನಿಂದ ಕೈ ದೂರವಿಟ್ಟು ಹುಷಾರಾಗಿ ಒಮ್ಮೆ ತಾಗಿಸಿ ನೋಡು. ಎರಡೂ ಬಿಸಿಯಿದ್ದರೆ ನೀರಿನ ದೋಷವಲ್ಲ. ಒಳಗಿನ ಫ್ಲ್ಯಾಪ್, ಕೇಬಲ್ ಇಲ್ಲವೇ ಬ್ಲೋವರ್ ನೋಡಬೇಕು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿದೆ ಅಥವಾ ಅದಕ್ಕೆ ನೀರು ಬಿಡುವ ವಾಲ್ವ್ ತೆರೆದಿಲ್ಲ. ಲಿವರ್ ಸರಿಸುವಾಗ ಆ ವಾಲ್ವಿನ ಕೇಬಲ್ ಅಲುಗುತ್ತದೆಯೇ ಎಂದು ಇನ್ನೊಬ್ಬರಿಂದ ನೋಡಿಸು. ಎಷ್ಟೋ ಹಳೆ ಗಾಡಿಗಳಲ್ಲಿ ಕಳಚಿದ ಕೇಬಲ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಎರಡೂ ತಣ್ಣಗಿದ್ದರೆ ಮತ್ತೆ ಕೂಲೆಂಟ್, ಥರ್ಮೋಸ್ಟಾಟ್, ವಾಟರ್ ಪಂಪ್ ಕಡೆಗೆ ಬಾ.

• ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರ್ ಸುಟ್ಟಿದೆ, ಮೋಟಾರ್ ಬದಲಿಸಬೇಡ. ಪೂರ್ತಿ ಸುಮ್ಮನಿದ್ದರೆ ಮೊದಲು ಫ್ಯೂಸ್.

• ರೇಡಿಯೇಟರ್ ಕೆಲಸ ಮಾಡಿಸಿದ ಮೇಲೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬಂದರೆ ಒಳಗೆ ಗಾಳಿ ಸೇರಿದೆ. ಮಿಸ್ತ್ರಿಗೆ ಏರ್ ತೆಗೆಸಲು ಹೇಳು.

• ಮುಂದಿನ ಮ್ಯಾಟ್ ಒದ್ದೆಯಾದರೆ ಬೆರಳಿಟ್ಟು ನೋಡು. ಬಣ್ಣವಿಲ್ಲದ ನೀರಾದರೆ ಮಳೆಯದ್ದು ಅಥವಾ ಎ.ಸಿ.ಯದ್ದು. ಕಾಡಂಚಿನಲ್ಲಿ ಮರದ ಕೆಳಗೆ ನಿಲ್ಲಿಸಿದ ಗಾಡಿಯ ವೈಪರ್ ಬುಡದಲ್ಲಿ ಎಲೆ ತುಂಬಿ, ನೀರು ಹರಿಯುವ ತೂತು ಮುಚ್ಚಿರುತ್ತದೆ, ಬಳಿದು ತೆಗೆ. ಜಿಗುಟಾಗಿ, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ. ಗಾಜಿಗೆ ಒರೆಸಿದರೂ ಹೋಗದ ಜಿಡ್ಡು ಕೂರುವುದೂ ಅದರದೇ ಗುರುತು. ಡ್ಯಾಶ್‌ಬೋರ್ಡ್ ಬಿಚ್ಚುವ ದೊಡ್ಡ ಕೆಲಸವಿದು. ಮಳೆಗಾಲಕ್ಕೆ ಮುಂಚೆ ಪುರಸೊತ್ತಿನಲ್ಲಿ ಮಾಡಿಸು. ಸೋರಿದ ಕೂಲೆಂಟನ್ನು ಅಂಗಳದಲ್ಲಿ ಬಿಡಬೇಡ; ಸಿಹಿಯೆಂದು ನಾಯಿ, ದನ ನೆಕ್ಕಿದರೆ ಜೀವಕ್ಕೇ ಅಪಾಯ.

• ಗಾಜಿನ ಮಸುಕು ಹೋಗಬೇಕಾದರೆ ಹೊರಗಿನ ಗಾಳಿ ಒಳಬರುವಂತೆ ಇಡು, ಗಾಳಿಯನ್ನು ಗಾಜಿನ ಕಡೆ ತಿರುಗಿಸು, ಹೀಟರ್ ಜೊತೆ ಎ.ಸಿ.ಯನ್ನೂ ಹಾಕು. ಎ.ಸಿ. ಗಾಳಿಯ ತೇವ ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಾರದೆಂಬ ಮಾತು ಸುಳ್ಳು.

• ಮುಳ್ಳು ಕೆಂಪಿಗೆ ಹೋಗುತ್ತಿದೆ, ಆದರೆ ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದೆ ಎಂದಾದರೆ ಹೆಚ್ಚಾಗಿ ನೀರು ಖಾಲಿಯಾಗಿರುತ್ತದೆ. ಖಾನಾಪುರ ಇನ್ನೆಷ್ಟು ದೂರ ಎಂದು ಲೆಕ್ಕ ಹಾಕದೆ ಅಲ್ಲೇ ಬದಿಗೆ ಹಚ್ಚಿ ಎಂಜಿನ್ ಆರಿಸು. ಬಿಸಿ ಗಾಳಿ ಬರುತ್ತಿದ್ದರೆ ಹೀಟರ್ ಪೂರ್ತಿ ಹಾಕಿ, ಎ.ಸಿ. ಆರಿಸಿ, ಕಿಟಕಿ ಇಳಿಸಿ, ನಿಲ್ಲಿಸಲು ಜಾಗ ಸಿಗುವವರೆಗೆ ನಿಧಾನ ಹೋಗು. ಎಂಜಿನ್ನಿನ ಸ್ವಲ್ಪ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ.

• ಘಟ್ಟದಲ್ಲಿ ರಸ್ತೆ ಕಟ್ಟಿ ರಾತ್ರಿ ಕಾಯಬೇಕಾಗಿ ಬಂದರೆ, ಹೀಟರಿಗಾಗಿ ಎಂಜಿನ್ ಚಾಲೂ ಇಟ್ಟು ಕಿಟಕಿ ಮುಚ್ಚಿ ಮಲಗಬೇಡ. ಹಳೆ ಸೈಲೆನ್ಸರಿನ ಬಿರುಕಿನಿಂದ ಒಳಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಗಾಡಿಯಲ್ಲಿ ಒಂದು ಕಂಬಳಿ ಇಟ್ಟುಕೋ.