ಕ್ಲಚ್ ಬಿಚ್ಚುವ ಮೊದಲು

ಶಹಾಪುರದಲ್ಲಿ ನನ್ನದು ಸಣ್ಣ ಇಂಜಿನ್‌ಗಳ ರಿಪೇರಿ ಅಂಗಡಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಕಡೆಯ ಎರೆ ಹೊಲಗಳಲ್ಲಿ ಹತ್ತಿ, ಭತ್ತ ಹೆಚ್ಚಾದವು, ಕಳೆಯೂ ಹೆಚ್ಚಾಯಿತು. ಕಳೆ ತೆಗೆಯುವ ಕೈಗಳು ಮಾತ್ರ ಗುಳೆ ಹೋಗಿ ಬೆಂಗಳೂರು, ಮುಂಬೈ ಸೇರಿದವು. ಹಾಗಾಗಿ ಸುರಪುರ, ಯಾದಗಿರಿ ಎಲ್ಲ ಕಡೆಯಿಂದ ಟೂ ಸ್ಟ್ರೋಕ್ ಬ್ರಷ್ ಕಟರ್‌ಗಳು, ಪವರ್ ಸ್ಪ್ರೇಯರ್‌ಗಳು ಮಳೆಗಾಲದಲ್ಲಿ ನನ್ನ ಬಾಗಿಲಿಗೆ ಬರುತ್ತವೆ. ಬಂದವರಲ್ಲಿ ಬಹಳ ಜನ ರೋಗವನ್ನೂ ತಾವೇ ಹೇಳುತ್ತಾರೆ: ಕ್ಲಚ್ ಹೋಗ್ಯಾದ.

ಹುಣಸಗಿ ಕಡೆಯ ಹಿರಿಯರೊಬ್ಬರು ಹಾಗೇ ಬಂದರು. "ತಮ್ಮಾ, ಕಳಿ ಮುಟ್ಟಿದ್ರ ಸಾಕು, ಬ್ಲೇಡ್ ನಿಲ್ತದ. ಸುಟ್ಟ ವಾಸನಿ ಬ್ಯಾರೆ. ಹೋದ ತಿಂಗಳ ಹೊಸ ಕ್ಲಚ್ ಹಾಕ್ಸೀನಿ, ಅದೂ ಹೋತು."

"ಕಾಕಾ, ಮೊದಲ ಚಾಲೂ ಮಾಡಿ ಪೂರಾ ರೇಸ್ ಕೊಡ್ರಿ," ಅಂದೆ.

ಕ್ಲಚ್ ತಾನಾಗಿ ಜಾರುತ್ತಿದ್ದರೆ ರೇಸ್ ಕೊಟ್ಟಾಗ ಇಂಜಿನ್ ಒದರುತ್ತದೆ, ಬ್ಲೇಡ್ ಮಾತ್ರ ಏಳುವುದಿಲ್ಲ. ಇಲ್ಲಿ ಇಂಜಿನ್ನೇ ಏಳುತ್ತಿರಲಿಲ್ಲ, ದಮ್ಮು ಕಟ್ಟಿದ ಸದ್ದು. ಈ ಕ್ಲಚ್ಚಿಗೆ ಲಿವರ್ ಇಲ್ಲ. ಇಂಜಿನ್ ವೇಗ ಏರಿದಂತೆ ಒಳಗಿನ ಎರಡು ಶೂಗಳು ಸ್ಪ್ರಿಂಗನ್ನು ಹಿಗ್ಗಿಸಿ ಹೊರಗೆ ಸರಿದು ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ. ವೇಗ ಸಾಲದಿದ್ದರೆ ಅರ್ಧ ಹಿಡಿತ. ಅರ್ಧ ಹಿಡಿತದಲ್ಲೇ ದಿನವಿಡೀ ಉಜ್ಜಿದರೆ ಎಷ್ಟು ಹೊಸ ಕ್ಲಚ್ ಹಾಕಿದರೂ ಸುಡುತ್ತದೆ.

ಸೈಲೆನ್ಸರ್ ಬಿಚ್ಚಿದೆ. ಹೊಗೆ ಹೋಗುವ ಕಿಂಡಿಯಲ್ಲಿ ಬೆರಳು ಗಾತ್ರದ ದಾರಿಯೂ ಉಳಿದಿರಲಿಲ್ಲ, ಸುತ್ತ ಕಲ್ಲಿನಂಥ ಮಸಿ. ಟ್ರ್ಯಾಕ್ಟರಿನ ಇಂಜಿನ್ ಆಯಿಲನ್ನು ಕಣ್ಣಳತೆಯಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದರಂತೆ. ಆ ಆಯಿಲ್ ಉರಿಯಲಿಕ್ಕೆ ಮಾಡಿದ್ದಲ್ಲ. ಹಗ್ಗ ಎಳೆದು ಪಿಸ್ಟನ್ ಮೇಲಕ್ಕೆ ತಂದು ಕಿಂಡಿ ಮುಚ್ಚಿಸಿದೆ, ಇಲ್ಲದಿದ್ದರೆ ಕೆರೆದ ಮಸಿ ಸಿಲಿಂಡರಿನೊಳಗೆ ಬೀಳುತ್ತದೆ. ಬಿದಿರು ಕಡ್ಡಿಯಿಂದ ಕೆರೆದೆ. ಸ್ಕ್ರೂಡ್ರೈವರ್ ಆದರೆ ಪಿಸ್ಟನ್ ಗೀರುತ್ತದೆ. ಏರ್ ಫಿಲ್ಟರಿನ ಸ್ಪಂಜಿನಿಂದ ಎರೆ ಮಣ್ಣಿನ ಧೂಳು ತೊಳೆದು ಹಾಕಿದೆ. ಕಾಕಾ ರೇಸ್ ಕೊಟ್ಟರು, ಬ್ಲೇಡ್ ಗುಂಯ್ ಅಂತ ತಿರುಗಿತು. ಕ್ಲಚ್ಚಿಗೆ ನಾನು ಕೈ ಹಚ್ಚಿರಲೇ ಇಲ್ಲ.

ಇದಕ್ಕೆ ತಿರುಗಾಮುರುಗಾ ಇನ್ನೊಂದು ದೂರು: ರೇಸ್ ಬಿಟ್ಟರೂ ಬ್ಲೇಡ್ ನಿಲ್ಲುವುದಿಲ್ಲ. ಇದು ಅಪಾಯದ್ದು. ಹತ್ತಿ ಸಾಲಿನಲ್ಲಿ ತಿರುಗುವಾಗ ಗಿಡವೂ ಹೋದೀತು, ಕಾಲೂ ಹೋದೀತು. ಸ್ಪ್ರಿಂಗ್ ಮುರಿದಿದ್ದರೆ ಹೀಗಾಗುವುದುಂಟು. ಆದರೆ ನಾನು ಮೊದಲು ನೋಡುವುದು ಸ್ಲೋ ಸ್ಕ್ರೂ. ಅದನ್ನು ಇಳಿಸಿದ ಮೇಲೂ ಇಂಜಿನ್ ಒಮ್ಮೆ ಏರಿ ಒಮ್ಮೆ ಇಳಿದರೆ, ಕಾರ್ಬೊರೇಟರ್ ಹಿಂದಿನ ಗ್ಯಾಸ್ಕೆಟ್ಟೋ ಕ್ರ್ಯಾಂಕಿನ ಸೀಲೋ ಗಾಳಿ ಎಳೆಯುತ್ತಿದೆ ಎಂದೇ ಲೆಕ್ಕ. ಪ್ಲಗ್ ತೆಗೆದರೆ ತುದಿ ಬಿಳಿಚಿಕೊಂಡಿರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಯಾದಗಿರಿಯ ಕಾಲೇಜು ಹುಡುಗನೊಬ್ಬ ಪೆಟ್ರೋಲಿನ ರಿಮೋಟ್ ಕಾರು ತಂದಿದ್ದ, ಮೊಣಕಾಲೆತ್ತರದ್ದು. ನಿಲ್ಲಿಸಿದರೂ ಮುಂದೆ ಮುಂದೆ ಸರಿಯುತ್ತಿತ್ತು. ಬಿಚ್ಚಿ ನೋಡಿದರೆ 26 ಸಿಸಿ ಟೂ ಸ್ಟ್ರೋಕ್, ಅದೇ ಶೂ, ಅದೇ ಡ್ರಮ್! ಅಂಥ ದೊಡ್ಡ ಕಾರುಗಳಿಗೆ ಹಾಕುವುದು ಕಳೆ ಮಷಿನ್ನಿನ ಜಾತಿಯ ಇಂಜಿನ್ನೇ. ಕಾರ್ಬೊರೇಟರಿನ ಬೋಲ್ಟ್ ಸಡಿಲಾಗಿತ್ತು. ಗ್ಯಾಸ್ಕೆಟ್ ಬದಲಿಸಿ ಬಿಗಿ ಮಾಡಿದೆ, ಕಾರು ನಿಂತಲ್ಲಿ ನಿಂತಿತು. ಆ ಹುಡುಗನ ಮುಖ ನೋಡಿ ನನಗೂ ಖುಷಿಯಾಯಿತು.

ಶೂ ನಿಜವಾಗಿ ಸವೆದದ್ದೂ ಉಂಟು, ಕಾದು ನೀಲಿಗಟ್ಟಿದ ಡ್ರಮ್ಮೇ ಅದನ್ನು ಹೇಳುತ್ತದೆ. ಶೂ ಎಣ್ಣೆಯಲ್ಲಿ ನೆನೆದಿದ್ದರೆ ಒರೆಸಿ ಹಾಕಿ ಪ್ರಯೋಜನವಿಲ್ಲ, ಮೊದಲು ಹಿಂದಿನ ಸೀಲ್ ಬದಲಿಸಬೇಕು.

ಈಗ ಮಷಿನ್ ವಾಪಸ್ ಕೊಡುವಾಗ ಜೊತೆಗೆ ಗೆರೆ ಹಾಕಿದ ಸಣ್ಣ ಅಳತೆ ಡಬ್ಬಿಯನ್ನೂ ಕೊಡುತ್ತೇನೆ. 25ಕ್ಕೆ 1 ಅಂತ ಬರೆದ ಮಷಿನ್ನಿಗೆ ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ ಸ್ಟ್ರೋಕ್ ಆಯಿಲ್. ಕಳೆ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಒಳಗುಳಿದದ್ದು ತೀರಿ ತಾನೇ ಬಂದ್ ಬೀಳುವ ತನಕ ಓಡಿಸಿ ಇಡಿ ಅನ್ನುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಕಾರ್ಬೊರೇಟರಿನ ಡಯಾಫ್ರಮ್ ಬಿರುಸಾಗಿ, ಮುಂದಿನ ಮುಂಗಾರಿಗೆ ಹಗ್ಗ ಎಷ್ಟು ಎಳೆದರೂ ಇಂಜಿನ್ ಚಾಲೂ ಆಗುವುದಿಲ್ಲ.