ಕಂಡವರೆಷ್ಟು, ಒತ್ತಿದವರೆಷ್ಟು?

ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ರಥೋತ್ಸವದ ದಿನ ಜನಸಾಗರವೇ ನೆರೆಯುವುದು. ಆ ಸಂದಣಿಯಲ್ಲಿ ಮಂಡಕ್ಕಿ ಮಿರ್ಚಿಯ ವ್ಯಾಪಾರಿಯೊಬ್ಬನು ತನ್ನ ಸರಕಿನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿರುವನೆಂದು ಭಾವಿಸೋಣ. ಅವನ ಕೂಗು ಸಾವಿರ ಮಂದಿಯ ಕಿವಿಗೆ ಬೀಳುತ್ತದೆ. ಅವರಲ್ಲಿ ಇಪ್ಪತ್ತು ಮಂದಿ ಅಂಗಡಿಯ ಕಡೆಗೆ ತಿರುಗುತ್ತಾರೆ. ಎಂದರೆ ನೂರಕ್ಕೆ ಇಬ್ಬರು. ಈ ಲೆಕ್ಕವನ್ನು ವ್ಯಾಪಾರಿಯು ಎಂದೂ ಬರೆದಿಡಲಾರನು. ಕೂಗನ್ನು ಕೇಳಿದವರನ್ನು ಎಣಿಸುವ ಉಪಾಯ ಅವನಲ್ಲಿಲ್ಲ. ಆದರೆ ಮೊಬೈಲ್ ಫೋನಿನ ತೆರೆಯ ಮೇಲೆ ಕಾಣುವ ಜಾಹೀರಾತಿಗೆ ಕಂಡವರ ಎಣಿಕೆ, ತಿರುಗಿದವರ ಎಣಿಕೆ ಎರಡೂ ದೊರೆಯುತ್ತವೆ. ಎಣಿಕೆ ದೊರೆತ ಕಡೆಯಲ್ಲೆಲ್ಲ ವಿಜ್ಞಾನಕ್ಕೆ ಪ್ರವೇಶವುಂಟು. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಮಾಡೋಣ.

ಜಾಹೀರಾತು ತೆರೆಯ ಮೇಲೆ ಒಂದು ಸಲ ಕಾಣಿಸಿಕೊಳ್ಳುವುದನ್ನು ‘ಪ್ರದರ್ಶನ’ವೆಂದು ಕರೆಯೋಣ. ನೋಡಿದವನು ಅದನ್ನು ಬೆರಳಿನಿಂದ ಒತ್ತಿದರೆ ಅದು ಒಂದು ‘ಕ್ಲಿಕ್’. ಕ್ಲಿಕ್ಕುಗಳ ಸಂಖ್ಯೆಯನ್ನು ಪ್ರದರ್ಶನಗಳ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವುದೇ ‘ಕ್ಲಿಕ್ ಪ್ರಮಾಣ’. ಒಬ್ಬನೇ ಮನುಷ್ಯನು ಒಂದೇ ಜಾಹೀರಾತನ್ನು ಮೂರು ಸಲ ಕಂಡರೆ ಪ್ರದರ್ಶನಗಳು ಮೂರಾಗುವುವು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲತಾಣದಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆಯ ಪಟ್ಟಿಯಾಕಾರದ ಜಾಹೀರಾತೊಂದು ಕಾಣಿಸಿಕೊಂಡಿತು. ಈ ಬಗೆಯ ಜಾಹೀರಾತುಗಳಿಗೆ ಅದೇ ಮೂಲಪುರುಷನೆಂದು ಎಣಿಕೆ. ಅದರ ಕ್ಲಿಕ್ ಪ್ರಮಾಣವು ನೂರಕ್ಕೆ 44 ಆಗಿದ್ದಿತೆಂದು ಹೇಳುತ್ತಾರೆ. ಇಂದು ಅಂತಹ ಪಟ್ಟಿಗಳಿಗೆ ನೂರಕ್ಕೆ ಒಂದು ಕ್ಲಿಕ್ ದೊರೆಯುವುದೂ ದುರ್ಲಭ. ಹೊಸದರ ಕುತೂಹಲ ಕಳೆದ ಮೇಲೆ ಕಣ್ಣು ಅವನ್ನು ಬಿಟ್ಟು ಓದುವುದನ್ನು ಕಲಿತುಬಿಟ್ಟಿತು. 1998ರಲ್ಲಿ ರೈಸ್ ವಿಶ್ವವಿದ್ಯಾನಿಲಯದ ಬೆನ್ವೇ ಮತ್ತು ಲೇನ್ ಎಂಬ ಸಂಶೋಧಕರು, ಜನರು ತಾವು ಹುಡುಕುತ್ತಿದ್ದ ವಿಷಯವೇ ಢಾಳಾದ ಪಟ್ಟಿಯಲ್ಲಿದ್ದರೂ ಅದನ್ನು ಕಾಣದೆ ಹೋಗುವರೆಂದು ತೋರಿಸಿಕೊಟ್ಟರು. ಬಣ್ಣವನ್ನು ಹೆಚ್ಚಿಸಿದ ಮಾತ್ರಕ್ಕೆ ಪ್ರಮಾಣವು ಹೆಚ್ಚುವುದಿಲ್ಲವೆಂಬ ಪಾಠ ಇದರಲ್ಲಿದೆ.

ಈ ಸಣ್ಣ ಸಂಖ್ಯೆಗೆ ಇಷ್ಟು ಮಹತ್ವವೇಕೆ? 1998ರಲ್ಲಿ ‘ಗೋಟು’ ಎಂಬ ಅಮೆರಿಕದ ಸಂಸ್ಥೆಯು ಹುಡುಕುಪುಟದ ಸ್ಥಾನಗಳನ್ನು ಹರಾಜು ಹಾಕತೊಡಗಿತು. ಕ್ಲಿಕ್ಕಿಗೆ ಹೆಚ್ಚು ಬೆಲೆ ಕೂಗಿದವನಿಗೆ ಮೇಲಿನ ಸ್ಥಾನ. 2002ರಲ್ಲಿ ಗೂಗಲ್ ಸಂಸ್ಥೆಯು ಕೂಗಿದ ಬೆಲೆಯನ್ನು ಕ್ಲಿಕ್ ಪ್ರಮಾಣದಿಂದ ಗುಣಿಸಿ ಸ್ಥಾನವನ್ನು ನಿರ್ಣಯಿಸುವ ಕ್ರಮವನ್ನು ತಂದಿತು. ಒಬ್ಬನು ಕ್ಲಿಕ್ಕಿಗೆ 4 ರೂಪಾಯಿ ಕೂಗಿ ನೂರಕ್ಕೆ 1ರ ಪ್ರಮಾಣವನ್ನು ಪಡೆದರೆ, ಸಾವಿರ ಪ್ರದರ್ಶನಗಳಿಂದ ಬರುವುದು 40 ರೂಪಾಯಿ. ಇನ್ನೊಬ್ಬನು 2 ರೂಪಾಯಿಯನ್ನೇ ಕೂಗಿ ನೂರಕ್ಕೆ 3ನ್ನು ಪಡೆದರೆ ಬರುವುದು 60 ರೂಪಾಯಿ. ಸ್ಥೂಲವಾಗಿ ಹೇಳುವುದಾದರೆ, ಎರಡನೆಯವನೇ ಮೇಲೆ ನಿಲ್ಲುವನು. ಸಣ್ಣ ಬಂಡವಾಳದವನಿಗೆ ಇದು ಅನುಕೂಲವಾದ ಮಾತು. ಜನರಿಗೆ ಬೇಕಾದುದನ್ನು ತೋರಿಸಬಲ್ಲವನು ಕಡಿಮೆ ಹಣದಲ್ಲಿಯೂ ಮುಂದೆ ಬರಬಹುದು.

ಈಗ ನಮ್ಮ ಸೀಮೆಗೇ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದೂ 2021ರಲ್ಲಿ ಉದಯವಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹಡಗಲಿಯ ಮಲ್ಲಿಗೆಯು ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಹೂವು. ಮಲ್ಲಿಗೆಯ ಮೊಗ್ಗು ನಾಳೆಗೆ ಕಾಯುವ ಸರಕಲ್ಲ. ಅರಳಿ ಬಾಡುವ ಮೊದಲೇ ಕೊಳ್ಳುವವನ ಮನೆಯನ್ನು ಸೇರಬೇಕು. ಹಡಗಲಿಯ ಬೆಳೆಗಾರನೊಬ್ಬನು ಮದುವೆಯ ಮನೆಗಳಿಗೆ ಹೂ ಒದಗಿಸಲು ಫೋನಿನಲ್ಲಿ ಜಾಹೀರಾತು ಕೊಡುವನೆಂದು ಕಲ್ಪಿಸೋಣ. ಅವನ ಮನೆಯ ಕಾಲೇಜು ವಿದ್ಯಾರ್ಥಿಯು ಎರಡು ಜಾಹೀರಾತುಗಳನ್ನು ಸಿದ್ಧಪಡಿಸುವನು. ಮೊದಲನೆಯದರಲ್ಲಿ ಹೂರಾಶಿಯ ಚಿತ್ರ ಮಾತ್ರ. ಎರಡನೆಯದರಲ್ಲಿ ಮಾರಿನ ಬೆಲೆ, ತಲಪಿಸುವ ಊರುಗಳು, ತಲಪುವ ಹೊತ್ತು, ಇವು ಸ್ಪಷ್ಟವಾಗಿವೆ. ಯಾವುದು ಮೇಲು? ಈ ನಿರ್ಣಯದಲ್ಲಿ ಮೂರು ದೋಷಗಳು ಅಡಗಿ ಕುಳಿತಿರುತ್ತವೆ. ಪ್ರಯೋಗಶಾಲೆಯಲ್ಲಿ ನಮ್ಮನ್ನು ಕಾಡುವ ದೋಷಗಳೂ ಇವೇ.

ಮೊದಲನೆಯದು: ಆಕಸ್ಮಿಕ ದೋಷ

ಪ್ರತಿಯೊಂದನ್ನೂ 2000 ಸಲ ಪ್ರದರ್ಶಿಸಲಾಗಿ, ಮೊದಲನೆಯದಕ್ಕೆ 20, ಎರಡನೆಯದಕ್ಕೆ 28 ಕ್ಲಿಕ್ಕುಗಳು ಬಂದುವೆನ್ನೋಣ. ವಿದ್ಯಾರ್ಥಿಯು ಎರಡನೆಯದೇ ಗೆದ್ದಿತೆಂದು ಹಿಗ್ಗುವನು. ಅವಸರ ಸಲ್ಲದು. ವಾಚಕರು ಆರು ಮುಖದ ದಾಳವೊಂದನ್ನು 60 ಸಲ ಉರುಳಿಸಿ, ಆರು ಬಿದ್ದ ಸಲಗಳನ್ನು ಎಣಿಸಲಿ. ಇದನ್ನೇ ಮತ್ತೆ ಮತ್ತೆ ಮಾಡಲಿ. ಸರಾಸರಿ 10 ಬರಬೇಕು. ಆದರೆ ಒಮ್ಮೆ 8, ಒಮ್ಮೆ 12, ಹೀಗೆ ಬಹುಪಾಲು 7ಕ್ಕೂ 13ಕ್ಕೂ ನಡುವೆ ಎಣಿಕೆಯು ತೂಗಾಡುವುದು. ದಾಳವು ಬದಲಾಗಲಿಲ್ಲ, ಎಣಿಕೆ ಮಾತ್ರ ಬದಲಾಯಿತು. ವಿಕಿರಣ ವಸ್ತುವಿನ ಮುಂದೆ ಗೈಗರ್ ಎಣಿಕೆಯಂತ್ರವನ್ನಿಟ್ಟಾಗಲೂ ಇದೇ ತೂಗಾಟ ಕಾಣುವುದು. ವಿರಳವಾಗಿ ನಡೆಯುವ ಘಟನೆಗಳ ಎಣಿಕೆಯು ತನ್ನ ವರ್ಗಮೂಲದಷ್ಟು ಅತ್ತಿತ್ತ ಸರಿಯುವುದು ಸಹಜವೆಂಬುದು ನಿಯಮ.

ಎರಡು ಎಣಿಕೆಗಳ ವ್ಯತ್ಯಾಸದ ಅನಿಶ್ಚಿತತೆಯು ಅವುಗಳ ಮೊತ್ತದ ವರ್ಗಮೂಲ. ಇಲ್ಲಿ ಮೊತ್ತ 48. ವರ್ಗಮೂಲ ಸುಮಾರು 7. ಕಂಡ ವ್ಯತ್ಯಾಸವಾದರೋ 8. ತೂಗಾಟದಷ್ಟೇ ಇರುವ ಈ ವ್ಯತ್ಯಾಸದಿಂದ ಏನನ್ನೂ ನಿಶ್ಚಯಿಸಲು ಬರುವುದಿಲ್ಲ. ಪ್ರದರ್ಶನಗಳನ್ನು ಹತ್ತು ಪಟ್ಟು ಹೆಚ್ಚಿಸಿದಾಗ 200 ಮತ್ತು 280 ಬಂದುವೆನ್ನೋಣ. ಈಗ ವ್ಯತ್ಯಾಸ 80. ಮೊತ್ತದ ವರ್ಗಮೂಲ ಸುಮಾರು 22. ವ್ಯತ್ಯಾಸವು ಅನಿಶ್ಚಿತತೆಯ ಮೂರು ಪಟ್ಟಿಗಿಂತ ಹೆಚ್ಚಾಗಿರುವುದರಿಂದ, ಎರಡನೆಯದು ಮೇಲೆಂದು ಧೈರ್ಯವಾಗಿ ಹೇಳಬಹುದು. ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ಸುಮ್ಮನಿರುವುದೇ ಲೇಸು. ಎಷ್ಟು ಪ್ರದರ್ಶನಗಳಾದ ಮೇಲೆ ಲೆಕ್ಕ ನೋಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಿನವೂ ಇಣುಕಿ ನೋಡಿ, ತನಗೆ ಪ್ರಿಯವಾದುದು ಮುಂದಿದ್ದಾಗ ನಿಲ್ಲಿಸುವುದು ಆತ್ಮವಂಚನೆ.

ಎರಡನೆಯದು: ವ್ಯವಸ್ಥಿತ ದೋಷ

ಎಣಿಕೆ ದೊಡ್ಡದಾದ ಮಾತ್ರಕ್ಕೆ ಅಪಾಯವು ತಪ್ಪಿತೆಂದಲ್ಲ. ವಿದ್ಯಾರ್ಥಿಯು ಮೊದಲನೆಯ ಜಾಹೀರಾತನ್ನು ಸಂಜೆ 8000 ಸಲ, ಮಧ್ಯಾಹ್ನ 2000 ಸಲ ತೋರಿಸಿದನು. ಸಂಜೆ 240, ಮಧ್ಯಾಹ್ನ 20 ಕ್ಲಿಕ್ಕುಗಳು ಬಂದುವು. ಎರಡನೆಯದನ್ನು ಸಂಜೆ 2000, ಮಧ್ಯಾಹ್ನ 8000 ಸಲ ತೋರಿಸಲು, ಕ್ರಮವಾಗಿ 70 ಮತ್ತು 96 ಕ್ಲಿಕ್ಕುಗಳು ಬಂದುವು. ಒಟ್ಟು ಲೆಕ್ಕದಲ್ಲಿ ಮೊದಲನೆಯದು ನೂರಕ್ಕೆ 2.6, ಎರಡನೆಯದು 1.66 ಮಾತ್ರ. ಆದರೆ ಬಿಡಿಸಿ ನೋಡಿದರೆ ಸಂಜೆ ಮೊದಲನೆಯದು 3, ಎರಡನೆಯದು 3.5, ಮಧ್ಯಾಹ್ನ ಮೊದಲನೆಯದು 1, ಎರಡನೆಯದು 1.2. ಎರಡು ಹೊತ್ತಿನಲ್ಲಿಯೂ ಮುಂದಿರುವುದು ಒಟ್ಟಿನಲ್ಲಿ ಹಿಂದೆ ಬಿದ್ದಿದೆ! ಸೋತದ್ದು ಜಾಹೀರಾತಲ್ಲ, ಅದಕ್ಕೆ ದೊರೆತ ಹೊತ್ತು.

ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಒಂದು ಬೀಜವನ್ನು ಎರೆಯಲ್ಲಿಯೂ ಇನ್ನೊಂದನ್ನು ಮಸಾರಿಯಲ್ಲಿಯೂ ಬಿತ್ತಿ, ಬೀಜಗಳನ್ನು ಹೋಲಿಸಿದೆನೆನ್ನುವವನನ್ನು ಕಂಡು ಅವರು ನಗುವರು. ಇದಕ್ಕೆ ಪರಿಹಾರವನ್ನು ಶಾಸ್ತ್ರೀಯವಾಗಿ ರೂಪಿಸಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ ಕೆಲಸಮಾಡಿದ ಆರ್. ಎ. ಫಿಶರ್ ಅವರು. ಹೊಲವನ್ನು ಸಣ್ಣ ಮಡಿಗಳಾಗಿ ವಿಂಗಡಿಸಿ, ಯಾವ ಮಡಿಗೆ ಯಾವ ಬೀಜವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದು ಅವರು ಬೋಧಿಸಿದರು. ಜಾಹೀರಾತಿಗೂ ಇದೇ ಉಪಾಯ. ಒಂದೇ ಅವಧಿಯಲ್ಲಿ, ಒಂದೇ ಊರುಗಳಲ್ಲಿ, ಯಾರಿಗೆ ಯಾವುದು ಕಾಣಬೇಕೆಂಬುದನ್ನು ಯಂತ್ರವೇ ಚೀಟಿ ಎತ್ತಿ ನಿರ್ಧರಿಸಲಿ. ಹೋಲಿಸುವಾಗ ಒಂದು ಅಂಶವನ್ನು ಮಾತ್ರ ಬದಲಿಸಬೇಕು. ಚಿತ್ರವನ್ನೂ ಬೆಲೆಯನ್ನೂ ಕೂಡಿಯೇ ಬದಲಿಸಿದರೆ ಫಲವು ಯಾವುದರದೆಂದು ತಿಳಿಯದು.

ಮೂರನೆಯದು: ಅಳೆಯಬೇಕಾದುದನ್ನು ಬಿಟ್ಟು ಬೇರೊಂದನ್ನು ಅಳೆಯುವುದು

ಎಲ್ಲಕ್ಕಿಂತ ದೊಡ್ಡ ದೋಷವಿದು. ವಿದ್ಯಾರ್ಥಿಯು ‘ಉಚಿತ ಹೂವು’ ಎಂದು ದಪ್ಪಕ್ಷರದಲ್ಲಿ ಬರೆದು, ‘ಹತ್ತು ಮಾರು ಕೊಂಡವರಿಗೆ’ ಎಂಬುದನ್ನು ಒಳಗೆ ಬಚ್ಚಿಟ್ಟನೆನ್ನೋಣ. 10,000 ಪ್ರದರ್ಶನಗಳಿಗೆ 400 ಕ್ಲಿಕ್ಕುಗಳು ಬಂದುವು. ಹೂ ಕೊಂಡವರು ಎಂಟು ಮಂದಿ. ಬೆಲೆ, ಊರು, ಹೊತ್ತುಗಳನ್ನು ನೇರವಾಗಿ ತಿಳಿಸಿದ ಜಾಹೀರಾತಿಗೆ ಅಷ್ಟೇ ಪ್ರದರ್ಶನಗಳಲ್ಲಿ 150 ಕ್ಲಿಕ್ಕುಗಳು. ಕೊಂಡವರು ಮೂವತ್ತು ಮಂದಿ. ಕ್ಲಿಕ್ಕಿಗೆ 3 ರೂಪಾಯಿಯಂತೆ ಮೊದಲನೆಯದಕ್ಕೆ 1200 ರೂಪಾಯಿ ತೆತ್ತಂತಾಯಿತು. ಒಬ್ಬ ಗಿರಾಕಿಗೆ ಬಿದ್ದ ವೆಚ್ಚ 150 ರೂಪಾಯಿ. ಎರಡನೆಯದಕ್ಕೆ 450 ರೂಪಾಯಿ. ಗಿರಾಕಿಯೊಬ್ಬನಿಗೆ 15 ರೂಪಾಯಿ. ಕ್ಲಿಕ್ ಪ್ರಮಾಣವನ್ನು ಮಾತ್ರ ನೋಡಿದವನು ನಷ್ಟವನ್ನೇ ಜಯವೆಂದು ತಿಳಿಯುವನು. ತೆರೆಯನ್ನು ಸರಿಸುವಾಗ ಬೆರಳು ತಾಗಿ ಆದ ಕ್ಲಿಕ್ಕುಗಳೂ ಎಣಿಕೆಯಲ್ಲಿ ಸೇರಿಕೊಳ್ಳಬಹುದೆಂಬುದನ್ನು ಮರೆಯಬಾರದು.

ಹಾಗಾದರೆ ಪ್ರಮಾಣವನ್ನು ಉತ್ತಮಪಡಿಸುವ ದಾರಿ ಯಾವುದು? ಮೇಲಿನ ವಿಚಾರದಲ್ಲಿಯೇ ಉತ್ತರವಿದೆ. ಹೂ ತಲಪಲಾಗದ ದೂರದ ಊರುಗಳಲ್ಲಿ ಜಾಹೀರಾತನ್ನು ತೋರಿಸಬಾರದು. ಮದುವೆಯ ತಿಂಗಳುಗಳಲ್ಲಿ ಹೆಚ್ಚು ತೋರಿಸಬೇಕು. ಕೊಳ್ಳುವವನು ಮೊದಲು ಕೇಳುವ ಪ್ರಶ್ನೆಗೆ ಜಾಹೀರಾತಿನಲ್ಲಿಯೇ ಉತ್ತರವಿರಬೇಕು. ಒತ್ತಿದ ಮೇಲೆ ತೆರೆಯುವ ಪುಟವು ಬೇಗನೆ ತೆರೆದು, ಹೊರಗೆ ಹೇಳಿದುದನ್ನೇ ಒಳಗೂ ಹೇಳಬೇಕು. ಒಬ್ಬನಿಗೇ ಮತ್ತೆ ಮತ್ತೆ ತೋರಿಸಿ ಬೇಸರ ಹುಟ್ಟಿಸಬಾರದು. ಈ ಪ್ರತಿಯೊಂದು ಮಾರ್ಪಾಡನ್ನೂ ಚೀಟಿ ಎತ್ತುವ ಕ್ರಮದಿಂದ ಪರೀಕ್ಷಿಸಿ, ವರ್ಗಮೂಲದ ಒರೆಗೆ ಹಚ್ಚಿ, ಕಡೆಗೆ ಗಿರಾಕಿಯೊಬ್ಬನಿಗೆ ಬಿದ್ದ ವೆಚ್ಚವೆಷ್ಟೆಂದು ನೋಡಬೇಕು.

ಒಂದು ಸಂಖ್ಯೆಯನ್ನು ಹೆಚ್ಚಿಸಲು ಹೊರಡುವ ಮುನ್ನ ಅದು ಏನನ್ನು ಅಳೆಯುತ್ತದೆ, ಎಷ್ಟರಮಟ್ಟಿಗೆ ತೂಗಾಡುತ್ತದೆ ಎಂಬುದನ್ನು ಅರಿಯುವುದು ಭೌತವಿಜ್ಞಾನದ ಮೊದಲ ಪಾಠ. ಹಡಗಲಿಯ ಹೂಬೆಳೆಗಾರನ ಹಣ ಉಳಿಯಬೇಕಾದರೆ ಅವನ ಮನೆಯ ವಿದ್ಯಾರ್ಥಿಯು ಕಲಿಯಬೇಕಾದುದೂ ಅದೇ ಪಾಠ. ಜಾತ್ರೆಯ ವ್ಯಾಪಾರಿಗೆ ಎಣಿಸುವ ಯಂತ್ರವಿಲ್ಲದಿರಬಹುದು. ಆದರೆ ಸುಳ್ಳು ಕೂಗಿ ಕರೆದರೆ ಬಂದವನು ಬರಿಗೈಯಲ್ಲಿ ಹಿಂತಿರುಗುವನೆಂಬುದು ಅವನಿಗೆ ಚೆನ್ನಾಗಿ ತಿಳಿದಿದೆ.